ಲೂಪಸ್ ಇದ್ದವರ ಹೃದಯವನ್ನು ಬೇಗ ನೋಡಬೇಕು

ನಲವತ್ತರ ಹೆಣ್ಣುಮಗಳು. ಸಿಗರೇಟು ಸೇದುವುದಿಲ್ಲ, ಶುಗರ್ ಇಲ್ಲ, ಬಿಪಿ ಸರಿಯಾಗಿದೆ, ಕೊಲೆಸ್ಟ್ರಾಲೂ ಜಾಸ್ತಿಯಿಲ್ಲ. ಹೃದಯಾಘಾತದ ಅಪಾಯ ಅಳೆಯುವ ಫ್ರೇಮಿಂಗ್‌ಹ್ಯಾಮ್ ಲೆಕ್ಕಕ್ಕೆ ಇಷ್ಟನ್ನು ಹಾಕಿದರೆ ‘ಅಪಾಯ ಕಡಿಮೆ’ ಎಂದು ಉತ್ತರ ಬರುತ್ತದೆ. ಆದರೆ ಆಕೆಗೆ ಲೂಪಸ್ ಇದೆ. ಆ ಲೆಕ್ಕ ಅದನ್ನು ಕೇಳುವುದೇ ಇಲ್ಲ.

ಲೂಪಸ್ ಅಂದರೆ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮ ಮೈಮೇಲೇ ತಿರುಗಿಬೀಳುವ ಕಾಯಿಲೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಕೀಲುನೋವು, ಸುಸ್ತು, ಕಿಡ್ನಿ ಎಂದು ಓಡಾಡುವುದರಲ್ಲೇ ವರ್ಷಗಳು ಕಳೆಯುತ್ತವೆ. ಹೃದಯದ ಸುದ್ದಿಗೆ ಯಾರೂ ಹೋಗುವುದಿಲ್ಲ.

ಹೋಗಲೇಬೇಕು. 1976ರಲ್ಲೇ ಟೊರಾಂಟೊದ ವೈದ್ಯರು ಇದನ್ನು ಗಮನಿಸಿದ್ದರು. ಕಾಯಿಲೆಯ ಆರಂಭದಲ್ಲಿ ರೋಗಿಗಳ ಜೀವ ತೆಗೆಯುತ್ತಿದ್ದದ್ದು ಲೂಪಸ್ಸಿನ ಉಲ್ಬಣ ಮತ್ತು ಸೋಂಕು. ಅದನ್ನು ದಾಟಿ ವರ್ಷಗಟ್ಟಲೆ ಬದುಕಿದವರನ್ನು ಹೃದಯಾಘಾತ ಕಾಡುತ್ತಿತ್ತು. 1997ರಲ್ಲಿ ಅಮೆರಿಕದ ಒಂದು ಅಧ್ಯಯನ, 35ರಿಂದ 44 ವಯಸ್ಸಿನ ಲೂಪಸ್ ಇರುವ ಹೆಂಗಸರಿಗೆ ಅದೇ ವಯಸ್ಸಿನ ಉಳಿದವರಿಗಿಂತ ಹೃದಯಾಘಾತದ ಸಂಭವ 50 ಪಟ್ಟಿಗೂ ಜಾಸ್ತಿ ಎಂದು ಹೇಳಿತು. ಆ ವಯಸ್ಸಿನ ಹೆಂಗಸರಲ್ಲಿ ಹೃದಯಾಘಾತವೇ ಅಪರೂಪ, ಹಾಗಾಗಿ ಅಂಕಿ ಇಷ್ಟು ದೊಡ್ಡದಾಗಿ ಕಾಣುತ್ತದೆ, ನಿಜ. ಹಾಗಂತ ಸುಮ್ನೆ ಬಿಡುವ ಮಾತಲ್ಲ.

ಲೂಪಸ್ಸಿನ ಉರಿಯೂತ ರಕ್ತನಾಳದ ಒಳಪದರವನ್ನು ದಿನವೂ ಕೆರೆಯುತ್ತಿರುತ್ತದೆ. ಒಳ್ಳೆಯದೆನ್ನುವ ಎಚ್‌ಡಿಎಲ್ ಕೊಲೆಸ್ಟ್ರಾಲ್ ಕೂಡ ಕೆಲವರಲ್ಲಿ ತನ್ನ ಕೆಲಸ ಮರೆತು ಉರಿಯೂತಕ್ಕೇ ಕೈಜೋಡಿಸುತ್ತದೆ. ಅದರ ಮೇಲೆ ಲೂಪಸ್ಸಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆ, ಕಿಡ್ನಿ ತೊಂದರೆ, ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು.

ಲೆಕ್ಕಕ್ಕೆ ಸಿಗದ್ದನ್ನು ಕಣ್ಣಾರೆ ನೋಡಬಹುದು. ಕತ್ತಿನ ಪಕ್ಕಕ್ಕೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಪ್ರೋಬ್ ಇಡುತ್ತಾರೆ. ಪರದೆಯ ಮೇಲೆ ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ರಕ್ತನಾಳದ ಗೋಡೆ ಎರಡು ತೆಳು ಗೆರೆಗಳಾಗಿ ಕಾಣುತ್ತದೆ. ಆ ಗೆರೆ ಒಂದು ಕಡೆ ಉಬ್ಬಿ ಒಳಕ್ಕೆ ಚಾಚಿದ್ದರೆ, ಅದೇ ಪ್ಲಾಕ್, ಅಂದರೆ ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಗಡ್ಡೆ. ಸೂಜಿಯಿಲ್ಲ, ನೋವಿಲ್ಲ. 2003ರ ಒಂದು ಅಧ್ಯಯನದಲ್ಲಿ ಲೂಪಸ್ ಇದ್ದವರಲ್ಲಿ ಶೇ 37 ಮಂದಿಗೆ, ಇಲ್ಲದವರಲ್ಲಿ ಶೇ 15 ಮಂದಿಗೆ ಹೀಗೆ ಪ್ಲಾಕ್ ಕಂಡಿತ್ತು. ಹೃದಯದ ರಕ್ತನಾಳದಲ್ಲಿ ಸುಣ್ಣ ಕಟ್ಟಿದೆಯೇ ಎಂದು ಸಿಟಿ ಸ್ಕ್ಯಾನ್ ತೋರಿಸುತ್ತದೆ. ಆದರೆ ಎಳೆಯ ಪ್ಲಾಕ್‌ನಲ್ಲಿ ಸುಣ್ಣ ಇರುವುದಿಲ್ಲ. ಹಾಗಾಗಿ ಚಿಕ್ಕ ವಯಸ್ಸಿನವರಿಗೆ ಆ ಸ್ಕ್ಯಾನ್‌ನಲ್ಲಿ ಸುಣ್ಣ ‘ಸೊನ್ನೆ’ ಎಂದು ಬಂದರೂ ಅದನ್ನೇ ನಂಬಿ ಕೂರುವಂತಿಲ್ಲ.

ಲೆಕ್ಕಗಳೂ ಸುಧಾರಿಸುತ್ತಿವೆ. 2017ರಲ್ಲಿ ಬ್ರಿಟನ್ನಿನಲ್ಲಿ ಬಂದ ಕ್ಯೂರಿಸ್ಕ್3 ಎಂಬ ಲೆಕ್ಕ, ಲೂಪಸ್ ಇದೆಯೇ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತೀರಾ ಎಂದು ಕೇಳುತ್ತದೆ. ಯುರೋಪಿನ ಸಂಧಿವಾತ ತಜ್ಞರು ಲೂಪಸ್ ಇರುವವರ ಬಿಪಿ 130/80ಕ್ಕಿಂತ ಕೆಳಗಿರಲಿ ಎನ್ನುತ್ತಾರೆ.

ನನಗೆ ಜಾಸ್ತಿ ಭಯವಾಗುವುದು ಎದೆನೋವಿನ ವಿಷಯದಲ್ಲಿ. ಲೂಪಸ್‌ನಲ್ಲಿ ಶ್ವಾಸಕೋಶದ ಪೊರೆಯೋ ಹೃದಯದ ಪೊರೆಯೋ ಊದಿಕೊಂಡು ಎದೆ ನೋಯುವುದುಂಟು. ಉಸಿರೆಳೆದಾಗ, ಮಲಗಿದಾಗ ಆ ನೋವು ಜೋರಾಗುತ್ತದೆ. ಅಭ್ಯಾಸವಾದವರು ‘ಇದೂ ಅದೇ ಇರಬೇಕು’ ಅಂದುಕೊಂಡು ಮನೆಯಲ್ಲೇ ಉಳಿದುಬಿಡುತ್ತಾರೆ. ನಡೆದಾಗ ಎದೆ ಬಿಗಿದರೆ, ನೋವು ದವಡೆಗೋ ತೋಳಿಗೋ ಇಳಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ‘ನನಗೆ ಲೂಪಸ್ ಇದೆ’ ಎಂದು ಮೊದಲೇ ಹೇಳಿ, ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆ ಮಾಡಿಸಿ.