ಸೆನೆಟ್ ಸೀಟು ಶಾಸಕರ ಕೈಯಿಂದ ಮತದಾರರ ಕೈಗೆ ಬಂದದ್ದು ಹೇಗೆ?

ಅಮೆರಿಕದಲ್ಲಿ ಆಗಾಗ ಒಂದು ಕೂಗು ಏಳುತ್ತದೆ. ಸೆನೆಟರ್‌ಗಳನ್ನು, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯ ಸದಸ್ಯರನ್ನು, ಜನರೇ ನೇರವಾಗಿ ಆರಿಸುವಂತೆ ಮಾಡಿದ ಸಂವಿಧಾನದ 17ನೇ ತಿದ್ದುಪಡಿ ರದ್ದಾಗಲಿ, ಮೊದಲಿನ ಹಾಗೆ ರಾಜ್ಯದ ಶಾಸಕರೇ ಆರಿಸಲಿ ಅಂತ. ವಾಷಿಂಗ್ಟನ್‌ನಲ್ಲಿ ರಾಜ್ಯ ಸರ್ಕಾರಗಳ ಮಾತು ನಡೆಯುತ್ತಿಲ್ಲ ಅನ್ನುವುದು ಅವರ ದೂರು. ಅದರಲ್ಲಿ ಹುರುಳಿದೆ. ಆದರೆ ಮೊದಲು ಹೇಗಿತ್ತು ಅಂತಲೂ ನೋಡಬೇಕಲ್ವಾ?

1787ರಲ್ಲಿ ಬರೆದ ಕ್ರಮ ನಮ್ಮ ರಾಜ್ಯಸಭೆ ಚುನಾವಣೆಗೆ ಹತ್ತಿರದ್ದು. ಶಾಸಕರು ಸೇರಿ ರಾಜ್ಯಕ್ಕೆ ಇಬ್ಬರು ಸೆನೆಟರ್‌ಗಳನ್ನು ಆರಿಸುತ್ತಿದ್ದರು. ಕೆಲವು ದಶಕ ಹೇಗೋ ನಡೆಯಿತು. ಪಕ್ಷಗಳು ಬಲಿತ ಮೇಲೆ ಜಗಳ ಜಾಸ್ತಿಯಾಯಿತು. ರಾಜ್ಯ ಶಾಸನಸಭೆಯ ಎರಡೂ ಸದನ ಒಂದೇ ಹೆಸರಿಗೆ ಒಪ್ಪದಿದ್ದರೆ ಒಟ್ಟಿಗೆ ಕೂತು, ಬಹುಮತ ಬರುವ ತನಕ ದಿನಾ ಮತ ಹಾಕಿ ಅಂತ 1866ರಲ್ಲಿ ಕಾನೂನು ಬಂತು. ಗಂಟು ಇನ್ನೂ ಬಿಗಿಯಾಯಿತು. 1901ರಿಂದ 1903ರವರೆಗೆ ಡೆಲವೇರ್‌ನ ಎರಡೂ ಸೀಟು ಖಾಲಿ ಬಿದ್ದಿದ್ದವು.

1905ರಲ್ಲಿ ಮಿಸೌರಿಯಲ್ಲಿ ನಡೆದದ್ದು ಕೇಳಿ. ಸೆನೆಟರ್ ಆಯ್ಕೆ ಇನ್ನೂ ಆಗಿರಲಿಲ್ಲ, ಅಧಿವೇಶನದ ಗಡುವು ಮುಗಿಯುತ್ತಿತ್ತು. ಗಡಿಯಾರವನ್ನೇ ನಿಲ್ಲಿಸೋಣ ಅಂತ ಕೆಲವರು ಏಣಿ ತಂದರು. ಎದುರು ಪಕ್ಷದವರು ಅದನ್ನು ಕಿತ್ತು ಕಿಟಕಿಯಿಂದಾಚೆ ಎಸೆದರು. ಗುದ್ದಾಟವಾಯಿತು, ಪುಸ್ತಕಗಳು ಹಾರಾಡಿದವು. ಗಾಜು ಒಡೆದರೂ ಲೋಲಕ ಆಡುತ್ತಲೇ ಇತ್ತು. ಕಡೆಗೆ ಒಬ್ಬರು ಇಂಕಿನ ಬಾಟಲಿ ಎಸೆದೆಸೆದು ಅದನ್ನೂ ಮುರಿದರು. ಇಂಥ ಜಗಳದಲ್ಲಿ ದಿನಗಳು ಕಳೆದರೆ ರಾಜ್ಯದ ಶಾಲೆ, ರಸ್ತೆ ಕೆಲಸ ನೋಡುವವರು ಯಾರು? ಜೊತೆಗೆ ಲಂಚದ ಆರೋಪ ಬೇರೆ. ಮೊಂಟಾನಾದಲ್ಲಿ 1899ರಲ್ಲಿ ಆರಿಸಿ ಬಂದವರು ಮರುವರ್ಷವೇ ರಾಜೀನಾಮೆ ಕೊಡಬೇಕಾಯಿತು.

ದಾರಿ ತೋರಿಸಿದ್ದು ಒರೆಗಾನ್. ಜನ ಮೊದಲು ಮತ ಹಾಕುವುದು, ಅವರು ಆರಿಸಿದವರಿಗೇ ಬೆಂಬಲ ಕೊಡುತ್ತೇವೆ ಅಂತ ಶಾಸಕರು ಮುಂಚೆಯೇ ಮಾತು ಕೊಡುವುದು. 1909ರಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆಯೇ ಡೆಮಾಕ್ರಟ್ ಜಾರ್ಜ್ ಚೇಂಬರ್ಲೇನ್ ಅವರನ್ನು ಆರಿಸಿತು. ಕೊಟ್ಟ ಮಾತು ಉಳಿಸಿಕೊಂಡ ಆ ಶಾಸಕರ ಬಗ್ಗೆ ನನಗೆ ತುಂಬಾ ಗೌರವ. 1913ರ ಏಪ್ರಿಲ್‌ನಲ್ಲಿ ಸಾಕಷ್ಟು ರಾಜ್ಯಗಳು ಒಪ್ಪಿ ತಿದ್ದುಪಡಿ ಜಾರಿಗೆ ಬಂತು.

ಆಮೇಲೆ ಶಾಸನಸಭೆಗಳು ತಮ್ಮ ಕೆಲಸಕ್ಕೆ ಮರಳಿದವು. ಸೆನೆಟರ್‌ಗಳು ಶಾಸಕರ ಬದಲು ಮತದಾರರ ಮುಖ ನೋಡಬೇಕಾಯಿತು. ರಾಜ್ಯ ಸರ್ಕಾರಗಳ ಹಿಡಿತ ಸಡಿಲವಾದದ್ದೂ ನಿಜ. ದುಡ್ಡಿನ ಕಾಟ ಹೋಗಲಿಲ್ಲ, ಪ್ರಚಾರದ ಖರ್ಚಾಗಿ ವೇಷ ಬದಲಿಸಿತು.

ಒಂದು ಬಾಗಿಲು ಮಾತ್ರ ತೆರೆದೇ ಉಳಿಯಿತು. ಸೀಟು ನಡುವೆ ಖಾಲಿಯಾದರೆ ಹೆಚ್ಚಿನ ರಾಜ್ಯಗಳಲ್ಲಿ ಗವರ್ನರ್ ಯಾರನ್ನಾದರೂ ನೇಮಿಸಬಹುದು. 2008ರಲ್ಲಿ ಇಲಿನಾಯ್ ಗವರ್ನರ್ ಬಂಧನವಾದದ್ದು ಇಂಥದೇ ಒಂದು ಖಾಲಿ ಸೀಟನ್ನು ಮಾರಲು ನೋಡಿದರು ಎಂಬ ಆರೋಪದ ಮೇಲೆ.