ಪದ ಪರಿಚಯ: ಹಾರುಬೂದಿ ಮತ್ತು ಸ್ಲ್ಯಾಗ್ ಸಿಮೆಂಟ್

ಹುಬ್ಬಳ್ಳಿ ಕಡೆ ಮನೆ ಕಟ್ಟಿಸುವವರಿಗೆ ಅಂಗಡಿಯವರು ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ಚೀಲ ತೋರಿಸಿದರೆ, "ಇದರಾಗ ಬೂದಿ ಕಲಸ್ಯಾರ, ಓಪಿಸಿ ಕೊಡ್ರಿ" ಅನ್ನುವವರೇ ಜಾಸ್ತಿ. ಓಪಿಸಿ ಅಂದರೆ ಬೂದಿ ಬೆರೆಸದ ಸಾದಾ ಸಿಮೆಂಟ್. ಬೂದಿ ಇರುವುದು ನಿಜ, ಆದರೆ ಅದು ಕಲಬೆರಕೆ ಅಲ್ಲ. ಹಾರುಬೂದಿ ಶೇಕಡಾ ಎಷ್ಟಿದೆ ಎಂದು ಚೀಲದ ಮೇಲೇ ಅಚ್ಚು ಹಾಕಿರುತ್ತಾರೆ, ಓದಿ ನೋಡಿ. ಭಾರತೀಯ ಮಾನಕ ಐಎಸ್ 1489ರ ಪ್ರಕಾರ 15ರಿಂದ 35ರವರೆಗೆ ಇರಬಹುದು.

ಉಷ್ಣ ವಿದ್ಯುತ್ ಸ್ಥಾವರದಲ್ಲಿ ಪುಡಿ ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಮೇಲೇಳುವ ಬೂದಿಯೇ ಹಾರುಬೂದಿ. ಚಿಮಣಿ ಸೇರುವ ಮೊದಲೇ ಅದನ್ನು ಹಿಡಿಯುತ್ತಾರೆ. ನಮ್ಮ ಕಡೆಯವರಿಗೆ ಗೊತ್ತಿರುವ ಸ್ಥಾವರಗಳೆಂದರೆ ಬಳ್ಳಾರಿ ಹತ್ತಿರದ ಕುಡತಿನಿ, ರಾಯಚೂರಿನ ಶಕ್ತಿನಗರ. ಬೆರಳಲ್ಲಿ ತಿಕ್ಕಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಕಣಗಳು ಗುಂಡಗಿರುವುದರಿಂದ ಕಾಂಕ್ರೀಟ್ ಸಲೀಸಾಗಿ ಹರಿಯುತ್ತದೆ.

ಸ್ಲ್ಯಾಗ್ ಅಂದರೆ ಉಕ್ಕಿನ ಕಾರ್ಖಾನೆಯ ಕಿಟ್ಟ. ಗದಗ ದಾಟಿ ಹೊಸಪೇಟೆ ರಸ್ತೆ ಹಿಡಿದು ಮುಂದೆ ಹೋದರೆ ತೋರಣಗಲ್ಲು ಸಿಗುತ್ತದಲ್ಲ, ಅಂಥ ಕಡೆ. ಕುಲುಮೆಯಲ್ಲಿ ಕಬ್ಬಿಣದ ಮೇಲೆ ತೇಲುವ ಕಾದ ಕಿಟ್ಟಕ್ಕೆ ಜೋರಾಗಿ ನೀರು ಹೊಡೆದು ಥಟ್ಟನೆ ತಣಿಸಿದರೆ ಗಾಜಿನ ಗುಣದ ಕಾಳು ಸಿಗುತ್ತದೆ. ಅದನ್ನು ಬೀಸಿ ಸಿಮೆಂಟಿಗೆ ಸೇರಿಸುತ್ತಾರೆ. ಸ್ಲ್ಯಾಗ್ ಸಿಮೆಂಟಿನಲ್ಲಿ ಇದು ಶೇ 25ರಿಂದ 70ರವರೆಗೂ ಇರಬಹುದು. ನಿಧಾನಕ್ಕೆ ಆರಲು ಬಿಟ್ಟರೆ ಅದೇ ಕಿಟ್ಟ ಬರೀ ಕಲ್ಲಾಗುತ್ತದೆ, ಖಡಿಗೆ ಮಾತ್ರ ಲಾಯಕ್ಕು.

ಇನ್ನು ಬೂದಿ ಕೆಲಸ ಮಾಡುವುದು ಹೇಗೆ? ಸಿಮೆಂಟಿಗೆ ನೀರು ಬಿದ್ದಾಗ ಖಡಿ, ಉಸುಕನ್ನು ಹಿಡಿದಿಡುವ ಅಂಟಿನ ಜೊತೆ ಸುಣ್ಣವೂ ಹುಟ್ಟುತ್ತದೆ. ಬಲದ ಲೆಕ್ಕದಲ್ಲಿ ಆ ಸುಣ್ಣ ಅಷ್ಟಕ್ಕಷ್ಟೇ. ನೀರು ಜಿನುಗಿದರೆ ಕರಗಿ ಹೊರಗೂ ಬರುತ್ತದೆ. ಸೋರುವ ಸ್ಲ್ಯಾಬಿನ ಕೆಳಗೆ ಕಾಣುವ ಬಿಳಿ ಗೆರೆ ಅದೇ. ಬೂದಿಯಲ್ಲಿರುವ ಸಿಲಿಕಾ ಈ ಸುಣ್ಣದ ಜೊತೆ ಸೇರಿ ಇನ್ನಷ್ಟು ಅಂಟಾಗುತ್ತದೆ, ಸಣ್ಣ ತೂತುಗಳೂ ತುಂಬಿಕೊಳ್ಳುತ್ತವೆ. ಕೆಆರ್‌ಎಸ್ ಅಣೆಕಟ್ಟೆಯ ಸುಣ್ಣ-ಸುರ್ಕಿ ಗಾರೆಯಲ್ಲೂ ನಡೆದದ್ದು ಇದೇ. ಅಲ್ಲಿ ಬೂದಿಯ ಜಾಗದಲ್ಲಿ ಸುಟ್ಟ ಮಣ್ಣಿನ ಪುಡಿ ಇತ್ತು.

ಆದರೆ ಇದೆಲ್ಲ ನಿಧಾನ. ಸಿಮೆಂಟು ಗಟ್ಟಿಯಾಗಿ ಸುಣ್ಣ ಬಿಟ್ಟ ಮೇಲಷ್ಟೇ ಬೂದಿಯ ಸರದಿ, ಅಲ್ಲಿವರೆಗೂ ಕಾಂಕ್ರೀಟು ಹಸಿಯಾಗಿರಬೇಕು. ಕಾಂಕ್ರೀಟಿನ ಮಾನಕ ಐಎಸ್ 456 ಹೇಳುವಂತೆ ಓಪಿಸಿಗೆ ಕನಿಷ್ಠ 7 ದಿನ ನೀರು ಹೊಡೆದರೆ, ಬೂದಿ ಅಥವಾ ಸ್ಲ್ಯಾಗ್ ಇರುವುದಕ್ಕೆ 10 ದಿನ ಬೇಕು. ಒಣ ಬಿಸಿಲಿದ್ದರೆ 14. ಗದಗ, ಹಾವೇರಿಯ ಏಪ್ರಿಲ್ ಬಿಸಿಲಿಗೆ ಹದಿನಾಲ್ಕೇ ಸರಿ, ಅಲ್ವಾ? ಸೆಂಟ್ರಿಂಗ್ ಬಿಚ್ಚುವುದಕ್ಕೂ ಇದೇ ಮಾತು. ಸಣ್ಣ ಸ್ಲ್ಯಾಬಿನ ಕೆಳಗಿನ ಆಸರೆ ಕಂಬ ಏಳನೇ ದಿನ ತೆಗೆಯಬಹುದು ಅನ್ನುವ ಲೆಕ್ಕ ಓಪಿಸಿಯದು. ಗೌಂಡಿ ಅದನ್ನೇ ಪಿಪಿಸಿಗೂ ಹಾಕಿ, ಮೂರು ದಿನಕ್ಕೇ ಪೈಪು ಸುತ್ತಿಟ್ಟು, ಆಮೇಲೆ ಸುಮ್ನೆ ಬೂದಿಯನ್ನು ಬೈದರೆ ಹೇಗೆ?

ಲಾಭ ಗಾಳಿಗೂ ಇದೆ. ಬೀಸಿದರೆ ಸಿಮೆಂಟಾಗುವ ಸುಟ್ಟ ಗಟ್ಟಿಗೆ ಕ್ಲಿಂಕರ್ ಅನ್ನುತ್ತಾರೆ. ಅದನ್ನು ಮಾಡಲು ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಆಗ ಇಂಧನದಿಂದಷ್ಟೇ ಅಲ್ಲ, ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಬೂದಿ ಹಾಕಿದಷ್ಟೂ ಕ್ಲಿಂಕರ್ ಕಡಿಮೆ ಸಾಕು.

ಹಾಗಂತ ಇಟ್ಟಂಗಿ ಭಟ್ಟಿಯ ಬೂದಿ ತಂದು ಬುಟ್ಟಿಯಲ್ಲಿ ಸುರಿಯಬೇಡಿ. ಪಿಪಿಸಿಗೆ ಸೈಟಿನಲ್ಲಿ ಮತ್ತೆ ಬೂದಿ ಸೇರಿಸುವುದೂ ಬೇಡ. ಬೇರೆಯಾಗಿ ಸೇರಿಸುವುದಿದ್ದರೆ ಪರೀಕ್ಷೆ ಮಾಡಿದ ಬೂದಿಯನ್ನು ಓಪಿಸಿ ಜೊತೆ, ಅದೂ ರೆಡಿಮಿಕ್ಸ್ ಪ್ಲಾಂಟಿನಂತೆ ತೂಕ ಹಾಕಿ ಕಲಸುವ ಕಡೆ ಮಾತ್ರ.