ಮಾವಿನ ಮರ ಅಂಟು ಸುರಿಸಿದಾಗ ಬುಡಕ್ಕೆ ಏನು ಹೊಯ್ಯಬೇಕು?

ಮಳೆಗಾಲದಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯಿಂದ ಬರುವ ಫೋನುಗಳಲ್ಲಿ ಹೆಚ್ಚಾಗಿ ಒಂದೇ ಮಾತು: ‘ಸಾರ್, ಮರದಲ್ಲಿ ಅಂಟು ಸೋರ್ತಿದೆ, ಬುಡಕ್ಕೆ ಯಾವ ಔಷಧಿ ಹೊಯ್ಯಲಿ?’ ಔಷಧಿ ಆಮೇಲೆ. ಮೊದಲು ಅಂಟಿನ ಪಕ್ಕದಲ್ಲಿ ಏನಿದೆ ನೋಡಿ.

ಮಾವಿನ ತೊಗಟೆಯೊಳಗೆ ಸೊನೆ ತುಂಬಿದ ಸಣ್ಣ ನಾಳಗಳಿವೆ. ಗಾಯವಾದ ಕಡೆ ಮರ ಅಂಟು ಸುರಿಸಿ ಬಾಯಿ ಮುಚ್ಚಲು ನೋಡುತ್ತದೆ. ಅದು ಮರದ ಕಾವಲು. ಸುಮ್ನೆ ಅಂಟು ಒರೆಸಿದರೆ ಏನೂ ಉಪಯೋಗವಿಲ್ಲ.

ಅಂಟಿನ ಜೊತೆ ಮರದ ಪುಡಿ ಉದುರುತ್ತಿದ್ದರೆ ಒಳಗೆ ಕಾಂಡ ಕೊರೆಯುವ ಹುಳು ಇದೆ. ಅದಕ್ಕೆ ಬುಡಕ್ಕೆ ಹೊಯ್ದು ಕೂರಬೇಡಿ. ತೂತಿಗೆ ತಂತಿ ಹಾಕಿ ಹುಳು ಎಳೆದು, ಕೀಟನಾಶಕದಲ್ಲಿ ಅದ್ದಿದ ಹತ್ತಿ ತುರುಕಿ, ಹಸಿ ಮಣ್ಣು ಮೆತ್ತಿ.

ತೊಗಟೆ ಕಪ್ಪಾಗಿ, ಒದ್ದೆಯಾಗಿ, ಕೆರೆದರೆ ಒಳಗೆ ಕಂದು ಕಾಣಿಸಿದರೆ ಅದು ಶಿಲೀಂಧ್ರ. ಆರೋಗ್ಯವಾದ ತೊಗಟೆ ಸಿಗುವವರೆಗೆ ಕೆರೆದು ಬೋರ್ಡೋ ಪೇಸ್ಟ್ ಬಳಿಯಿರಿ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಿ, ಕಬ್ಬಿಣದ ಪಾತ್ರೆ ಬೇಡ. ಕೊಳೆ ನೆಲಮಟ್ಟದಲ್ಲಿದ್ದರೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರ ಕೊಲ್ಲುವ ತಾಮ್ರದ ಔಷಧಿ) ಕಲಸಿ ಬುಡದ ಸುತ್ತ ನೆನೆಸಬಹುದು. ಅಂಟು ಸೋರುವುದಕ್ಕೆ ಔಷಧಿ ಕಾಂಡದ ಬುಡಕ್ಕೇ ಬೀಳಬೇಕಾದ್ದು ಇಲ್ಲಿ ಮಾತ್ರ.

ಮರಕ್ಕೆ ಶಕ್ತಿ ಕೊಡಲು ಹೊಯ್ಯುವುದಾದರೆ ಜಾಗ ಬೇರೆ. ಕಾಂಡದ ಬುಡದಲ್ಲಿರುವ ದಪ್ಪ ಬೇರುಗಳು ಮರವನ್ನು ಹಿಡಿದು ನಿಲ್ಲಿಸುತ್ತವೆ, ಅಷ್ಟೇ. ಆಹಾರ ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಕೊಂಬೆಗಳ ತುದಿಯ ಕೆಳಗೆ, ಮೇಲ್ಮಣ್ಣಿನಲ್ಲೇ ಇರುತ್ತವೆ. ಮಧ್ಯಾಹ್ನದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಸುತ್ತಲೂ ಸಣ್ಣ ಪಾತಿ ಮಾಡಿ ಹೊಯ್ಯಿರಿ. ಕೋಲಾರದ ಕೆಂಪು ಮಣ್ಣು ಒಣಗಿದರೆ ಮೇಲೆ ಹೆಪ್ಪುಗಟ್ಟುತ್ತದೆ, ಹೊಯ್ದದ್ದು ಪಕ್ಕಕ್ಕೆ ಹರಿದು ಹೋಗುತ್ತದೆ. ಹಿಂದಿನ ದಿನ ನೀರು ಬಿಡಿ, ಇಲ್ಲವೇ ಹದವಾದ ಮಳೆ ಬಿದ್ದ ಮಾರನೇ ದಿನ ಮಾಡಿ. ಒಣ ಮಣ್ಣಿಗೆ ಗೊಬ್ಬರದ ನೀರು ಗಟ್ಟಿಯಾಗಿ ಬಿದ್ದರೆ ಎಳೆ ಬೇರು ಸುಟ್ಟೂ ಹೋಗುತ್ತದೆ.

ರೋಗ ತರುವ ಶಿಲೀಂಧ್ರಗಳನ್ನು ಅಡಗಿಸುವ ಟ್ರೈಕೋಡರ್ಮಾ ಹಾಕಿದ ಕೊಟ್ಟಿಗೆ ಗೊಬ್ಬರ ಈ ಪಾತಿಗೇ ಒಳ್ಳೆಯದು. ಆದರೆ ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ ಅಲ್ವಾ? ತಾಮ್ರದ ಔಷಧಿ ಅದನ್ನೂ ಕೊಲ್ಲುತ್ತದೆ. ಬೆಳಗ್ಗೆ ಟ್ರೈಕೋಡರ್ಮಾ, ಸಂಜೆ ಕಾಪರ್ ಹೊಯ್ದವರನ್ನು ನೋಡಿದ್ದೇನೆ. ಅಂಗಡಿಯವನಿಗೆ ಲಾಭ, ಮರಕ್ಕೆ ಏನೂ ಇಲ್ಲ. ಎರಡರ ನಡುವೆ 15 ದಿನವಾದರೂ ಬಿಡಿ.

ಇನ್ನು ಹೂ ತರಿಸಲು ಹೊಯ್ಯುವ ಪ್ಯಾಕ್ಲೋಬ್ಯುಟ್ರಜಾಲ್. ಇದು ಚಿಗುರು ತಡೆದು ಮರವನ್ನು ಹೂವಿನ ಕಡೆ ತಿರುಗಿಸುತ್ತದೆ, ಮಣ್ಣಿನಲ್ಲೂ ಬಹಳ ಕಾಲ ಉಳಿಯುತ್ತದೆ. ಅಂಟು ಸುರಿಸಿ ತುದಿ ಒಣಗುತ್ತಿರುವ ಮರಕ್ಕೆ ಬೇಕಾದ್ದೇ ಹೊಸ ಚಿಗುರು. ಅಂಥ ಮರಗಳಿಗೆ ಸುಣ್ಣದಲ್ಲಿ ಗುರುತು ಹಾಕಿ, ಔಷಧಿ ಹೊಯ್ಯುವ ಆಳುಗಳಿಗೆ ಮೊದಲೇ ತೋರಿಸಿಬಿಡಿ. ಈ ಸಲ ಅವುಗಳಿಗೆ ಪ್ಯಾಕ್ಲೋಬ್ಯುಟ್ರಜಾಲ್ ಬೇಡ; ಮೇಲೆ ಹೇಳಿದ ಚಿಕಿತ್ಸೆ, ನೀರು, ಗೊಬ್ಬರ ಮಾತ್ರ.